ಅವ್ವ ಕೂತ ಸ್ಟೂಲು

ಅವ್ವನ ಬಲಗೈ ಹಳೇ ಇಳಕಲ್ ಸೀರೆಯ ಪಟ್ಟಿಯಲ್ಲಿ ಕೊರಳಿಗೆ ಜೋತುಬಿದ್ದಿತ್ತು. ಪಟ್ಟಿಯ ತುದಿಯಿಂದ ಬೆರಳುಗಳಷ್ಟೇ ಹೊರಗೆ ಕಾಣುತ್ತಿದ್ದವು. ವರ್ಷಗಟ್ಟಲೆ ರೊಟ್ಟಿ ಬಡಿದು ಚಪ್ಪಟೆಯಾದ ಬೆರಳುಗಳು. ಎಡಗೈಯಲ್ಲಿ ಎಲೆಅಡಿಕೆ. ಬಾಗಿಲಿಗೆ ಅಡ್ಡವಾಗಿ ಕಟ್ಟಿಗೆಯ ಸ್ಟೂಲು ಹಾಕಿಕೊಂಡು, ಒಲೆಯ ಮುಂದಿದ್ದ ನನ್ನನ್ನೇ ನೋಡುತ್ತ ಕೂತಿರುತ್ತಿದ್ದಳು. ಅವಳನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು. ಹೆತ್ತವಳ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ಪುಟ ತಿರುಗಿಸಲಿ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ಮಲಾಡಿನ ತುಂಬ ಬಿಲ್ಡಿಂಗುಗಳು ಏಳುತ್ತಿದ್ದವು, ಅವನ್ನು ಕಟ್ಟುವವರಲ್ಲಿ ಬಹಳ ಮಂದಿ ನಮ್ಮ ವಿಜಾಪುರದ ಕಡೆಯವರು. ಅಪ್ಪನೂ ಅದೇ ಕೆಲಸಕ್ಕೆ ಬಂದವನು, ನಾನು ಚಿಕ್ಕವಳಿದ್ದಾಗ ಕಟ್ಟಡದ ಮೇಲಿಂದ ಬಿದ್ದು ಸತ್ತ. ಆಮೇಲೆ ಅವ್ವ ಚಾಳಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಖಾನಾವಳಿ ಇಟ್ಟಳು. ಗೋಡೆ ಕಟ್ಟುವ ಗೌಂಡಿಗಳು ಬೆಳಿಗ್ಗೆ ಬುತ್ತಿ ಒಯ್ಯುತ್ತಿದ್ದರು, ಸಂಜೆ ಬಂದು ಸಾಲಾಗಿ ಕೂತು ಉಣ್ಣುತ್ತಿದ್ದರು. ಅವ್ವನ ಬಾಯಿ ಕತ್ತರಿ. ಯಾರಾದರೂ ಪಲ್ಯಕ್ಕೆ ಖಾರ ಸಾಲದು ಅಂದರೆ, "ನಿನ್ನ ಹೇಂತಿ ಊರಾಗ ಅದಾಳಲ್ಲ, ಹೋಗಿ ಆಕೀ ಕಡೆ ಉಣ್ಣು" ಅನ್ನುವಳು. ನಾನು ಕಣ್ಣೊರೆಸಿಕೊಂಡರೆ, "ಒಲಿ ಮುಂದ ಅಳಬ್ಯಾಡ, ಹಿಟ್ಟಿಗೆ ಉಪ್ಪ ಜಾಸ್ತಿ ಆಕ್ಕೈತಿ" ಅಂತ ಹಂಗಿಸುವಳು.

ನಾನು ಮೆಟ್ರಿಕ್ ಪಾಸಾಗಿ ಅಂಧೇರಿಯ ಒಂದು ಟೈಪಿಂಗ್ ಕ್ಲಾಸಿಗೆ ಹೆಸರು ಹಚ್ಚಿದ್ದೆ. ಅದು ಮುಗಿದರೆ ಆಫೀಸಿನ ಕೆಲಸ, ಫ್ಯಾನಿನ ಗಾಳಿ, ಹೊಗೆಯಿಂದ ಬಿಡುಗಡೆ. ಅಷ್ಟರಲ್ಲಿ ಆ ಮಳೆಗಾಲ ಅವ್ವ ನಳದ ಕಟ್ಟೆಯ ಪಾಚಿಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದವಳೇ ಸ್ಟೂಲಿನ ಮೇಲೆ ಕೂತು, "ಮಂದಿ ಹೊಟ್ಟಿ ನನ್ನ ಕೈ ಸಲುವಾಗಿ ಕಾಯೂದಿಲ್ಲ. ಏಳು" ಅಂದಳು. ಕೇಳಿದ್ದಲ್ಲ, ಹೇಳಿದ್ದು. ಖಾನಾವಳಿ ನಿಂತರೆ ಖೋಲಿ ಉಳಿಯುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಎದ್ದೆ.

ಕೆಲವು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಆದರೆ "ನೋವ ಇನ್ನೂ ಐತಿ" ಅಂತ ಅವ್ವ ಕೊರಳಿನ ಪಟ್ಟಿ ಬಿಡಲಿಲ್ಲ. ನಾನು ಎರಡನ್ನೂ ಸಂಭಾಳಿಸಬಲ್ಲೆ ಅಂದುಕೊಂಡಿದ್ದೆ: ಬೆಳಿಗ್ಗೆ ಬುತ್ತಿ, ಮಧ್ಯಾಹ್ನ ಲೋಕಲ್ ಹಿಡಿದು ಕ್ಲಾಸು, ಸಂಜೆ ಮತ್ತೆ ಒಲೆ. ಅಡ್ಡಿಯಾಗಿದ್ದದ್ದು ಹಿಟ್ಟಿನ ಗಿರಣಿ. ಅದು ರೈಲು ಹಳಿಯ ಆಚೆ, ಯಾವಾಗ ಹೋದರೂ ಪಾಳಿ. ಕೈ ಮುರಿಯುವ ಮೊದಲು ಅವ್ವ ದಿನ ಬಿಟ್ಟು ದಿನ ಸ್ವಲ್ಪಸ್ವಲ್ಪವೇ ಜೋಳ ಹೊತ್ತೊಯ್ಯುತ್ತಿದ್ದಳು. ಓದಿದವಳಲ್ಲವೇ ನಾನು, ಬುದ್ಧಿ ಓಡಿಸಿದೆ. ಇದ್ದ ಚೀಲ ಜೋಳವನ್ನೆಲ್ಲ ಒಂದೇ ಸಲ ಬೀಸಿಸಿ ತಂದು ಡಬ್ಬಿಗಳಲ್ಲಿ ತುಂಬಿದೆ. ಅವ್ವ ಎಡಗೈಯಿಂದ ಚಿಟಿಕೆ ಹಿಟ್ಟು ತಗೊಂಡು ತಿಕ್ಕಿ ನೋಡಿದಳು. ನನ್ನ ಮುಖ ನೋಡಿದಳು. ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂತಳು.

ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ಎಷ್ಟು ಕುದಿವ ನೀರು ಹಾಕಿ ನಾದಿದರೂ ಕೂಡಿಕೊಳ್ಳುವುದಿಲ್ಲ. ನಮ್ಮ ಕಡೆಯ ಯಾವ ಹೆಣ್ಣುಮಗಳಿಗೂ ಗೊತ್ತಿರುವ ಸಂಗತಿ. ಮುಂಬಯಿಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಅವ್ವ ನನ್ನನ್ನು ಗಿರಣಿಯ ಕೆಲಸಕ್ಕೆ ಹತ್ತಿರ ಬಿಟ್ಟವಳೇ ಅಲ್ಲ. ಮಳೆಯ ಥಂಡಿ ಬೇರೆ. ಒಂದು ಸಂಜೆ ಕೊಣಮಿಗೆಯ ಮರದ ತಟ್ಟೆಯಲ್ಲಿ ಬಡಿದ ರೊಟ್ಟಿ ಎತ್ತುವಷ್ಟರಲ್ಲಿ ಮೂರು ತುಂಡು. ಮತ್ತೊಂದು ಬಡಿದೆ, ಅದೂ ಅಷ್ಟೇ. ಆಚೆ ಗಂಗಾಳ ಮುಂದಿಟ್ಟುಕೊಂಡು ಮಂದಿ ಕೂತಿದ್ದರು.

"ಏನ ತಂಗಿ, ರೊಟ್ಟಿ ಕೊಡ್ತಿಯೋ ಇಲ್ಲಾ ಚೂರ ಆರಿಸಿಕೊಂಡ ತಿನ್ನೂಣೋ?" ಅಂದ ಅವರ ಮೇಸ್ತ್ರಿ. ಎಲ್ಲರೂ ನಕ್ಕರು. ಒಬ್ಬ ಗಂಗಾಳ ಸರಿಸಿ ಆಚೆ ಗಲ್ಲಿಯ ಖಾನಾವಳಿಗೆ ಹೋಗುತ್ತೇನೆಂದು ಎದ್ದ.

ಅವ್ವ ಸ್ಟೂಲಿನಿಂದ ಅಲ್ಲಾಡಲಿಲ್ಲ. "ಹೋಗ್ರಿ, ಎಲ್ಲಾರೂ ಹೋಗ್ರಿ. ನನ್ನ ಮಗಳು ಮೇಮಸಾಬ್ ಆಗ್ಯಾಳ" ಅಂದಳು. ಆ ಕ್ಷಣ ಬಿಸಿ ಹಂಚು ಅವಳ ಮೇಲೆ ಎಸೆಯಬೇಕು ಅನ್ನಿಸಿತ್ತು. ಸುಳ್ಳು ಹೇಳಲಾರೆ.

ಹಿಟ್ಟನ್ನು ಬಿಸಾಡಿದರೆ ಆ ಹೊತ್ತಿನ ಊಟಕ್ಕೆ ಮನೆಯಲ್ಲಿ ಬೇರೆ ಕಾಳಿಲ್ಲ. ಹಲ್ಲು ಕಚ್ಚಿ, ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದೇ ಹಿಟ್ಟು ಸುರಿದು ತಿರುವಿ ಮುದ್ದೆ ಮಾಡಿದೆ. ಬಿಸಿಬಿಸಿ ಮುದ್ದೆ, ಮೇಲೆ ಬೇಳೆ, ಹಸಿ ಉಳ್ಳಾಗಡ್ಡಿ. ಗೊಣಗುತ್ತಲೇ ಉಂಡರು. ಎದ್ದು ನಿಂತಿದ್ದವನೂ ಕೂತ. ಉಂಡೆದ್ದ ಮೇಸ್ತ್ರಿ, "ನಾಳಿಗೆ ರೊಟ್ಟಿ ಬೇಕ್ ನೋಡವಾ" ಅಂದ. ಮರುದಿನ ಬೆಳಕು ಹರಿಯುವ ಮೊದಲೇ ಅಂಗಡಿಯವನನ್ನು ಎಬ್ಬಿಸಿ ಸ್ವಲ್ಪ ಜೋಳ ಉದ್ರಿ ತಂದು ಗಿರಣಿಯ ಪಾಳಿಯಲ್ಲಿ ನಿಂತೆ. ಇನ್ನು ದಿನ ಬಿಟ್ಟು ದಿನ ಆ ಪಾಳಿಯೇ, ಟೈಪಿಂಗ್ ಕ್ಲಾಸಿನ ಕಡೆ ಮತ್ತೆ ತಲೆ ಹಾಕಲಿಲ್ಲ. ಹಳೇ ಹಿಟ್ಟು ತೀರುವವರೆಗೆ ಮನೆಯಲ್ಲಿ ನಮಗಿಬ್ಬರಿಗೂ ಮುದ್ದೆಯೇ. ಅವ್ವ ಅದಕ್ಕೂ ಕೊಂಕು ತೆಗೆಯುತ್ತಲೇ ತಿಂದಳು.

ಕೆಲ ದಿನದ ಮೇಲೆ ಗಿರಣಿಯಲ್ಲಿ ಕರೆಂಟು ಹೋಗಿ ಬೇಗ ವಾಪಸು ಬಂದೆ. ಖೋಲಿಯ ಮೂಲೆಯ ಬಚ್ಚಲು ಮೋರಿಯಲ್ಲಿ ಅವ್ವ ನೀರು ಹೀರಿದ ಕೌದಿಯನ್ನು ಹಿಂಡುತ್ತಿದ್ದಳು. ಎರಡೂ ಕೈಯಲ್ಲಿ, ಹಾವು ತಿರುಚಿದ ಹಾಗೆ. ಕೊರಳ ಪಟ್ಟಿ ಗೂಟಕ್ಕೆ ನೇತಾಡುತ್ತಿತ್ತು.

"ಕೈ ಯಾವಾಗ ನೆಟ್ಟಗಾತು?" ಅಂದೆ.

ಬೆಚ್ಚಲಿಲ್ಲ ಮಹಾತಾಯಿ. "ಪ್ಲಾಸ್ಟರ್ ಬಿಚ್ಚಿ ನಾಕ ದಿನಕ್ಕ."

"ಹಂಗಾರ ಅವತ್ತ ರೊಟ್ಟಿ ಒಡದಾಗ?"

"ನೆಟ್ಟಗಿತ್ತು."

"ಮತ್ತ ಸುಮ್ನ ಯಾಕ ಕುಂತಿದ್ದಿ? ಮಂದಿ ನನ್ನ ನೋಡಿ ನಗೂವಾಗ?"

"ನಾ ಎದ್ದಿದ್ರ ನೀ ಕುಂಡ್ರತಿದ್ದಿ" ಅಂದು, ಕೌದಿ ಝಾಡಿಸಿ ನನ್ನ ಮುಖಕ್ಕೆ ನೀರು ಸಿಡಿಸಿ ಹೊರಗೆ ಹೋದಳು.

ಅದೇ ಪಟ್ಟಿಯನ್ನು ಒಲೆಗೆ ಹಾಕಿ ಸುಟ್ಟೆ. ಆಮೇಲಿನ ವರ್ಷಗಳಲ್ಲಿ ನಾವು ಒಂದೇ ಖೋಲಿಯಲ್ಲಿ ಇಬ್ಬರು ಸವತಿಯರ ಹಾಗೆ ಇದ್ದೆವು. ಅವಳು ಪಲ್ಯ, ನಾನು ರೊಟ್ಟಿ. ಮಂದಿ ನನ್ನ ರೊಟ್ಟಿ ಹೊಗಳಿದರೆ ಅವಳು ಎಲೆಅಡಿಕೆ ಉಗುಳಿ ಬರಲು ಎದ್ದು ಹೋಗುತ್ತಿದ್ದಳು. ಚಲೋ ಆಗೇತಿ ಅಂತ ಒಮ್ಮೆಯೂ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಆದರೆ ಕಾದಿದ್ದೆ. ಆಫೀಸು ಬಿಟ್ಟು ಲೋಕಲ್ ಇಳಿದು ಬರುವ ಹುಡುಗಿಯರನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಒಂದು ಚಳಿಗಾಲ ಜ್ವರ ಹಿಡಿದು, ವಾರದಲ್ಲಿ ಅವ್ವ ಹೋಗಿಬಿಟ್ಟಳು. ಹೋಗುವ ಮುನ್ನ ಆಡಿದ್ದೂ ಪ್ರೀತಿಯ ಮಾತಲ್ಲ. "ನಾ ಸತ್ತೆ ಅಂತ ಒಲಿ ಆರಿಸಿಗಿರಿಸೀ! ಹಸಿದವರಿಗೆ ಸೂತಕ ಇಲ್ಲ" ಅಂದಳು.

ಗೌಂಡಿಗಳೇ ಹೆಗಲು ಕೊಟ್ಟರು. ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ, ಒದ್ದೆ ತಲೆಯಲ್ಲಿ ಗಲ್ಲಿಯಲ್ಲಿ ನಿಂತಿದ್ದರು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. "ಸಾವಿನ ಮನಿ, ಒಲಿ ಹಚ್ಚಬ್ಯಾಡವಾ. ನಾವ ಹೊರಗ ತಿಂತೀವಿ" ಅಂದ ಮೇಸ್ತ್ರಿ. ಮಗ್ಗುಲು ಖೋಲಿಯ ಮರಾಠಿ ಬಾಯಿ ನನ್ನ ಪಾಲಿನ ಅನ್ನವನ್ನು ಆಗಲೇ ತಂದಿಟ್ಟಿದ್ದಳು.

ಅವ್ವನ ಮಾತು ಮೀರಲು ಅದೊಂದೇ ಅವಕಾಶ ಇತ್ತು. ಮೀರಲಾಗಲಿಲ್ಲ. ಒಲೆ ಹಚ್ಚಿದೆ. ಹಿಂದಿನ ದಿನ ಬೀಸಿಸಿದ ಹಿಟ್ಟು ಇತ್ತು. ಸಿಟ್ಟಿನಿಂದಲೇ ನಾದಿದೆ, ಸಿಟ್ಟಿನಿಂದಲೇ ಬಡಿದೆ, ಕಣ್ಣೀರು ಹಿಟ್ಟಿನಲ್ಲೇ ಬೀಳಲಿ ಅಂತ ಬಿಟ್ಟೆ. ಎಲ್ಲರೂ ಉಂಡು ಏಳುವವರೆಗೆ ಒಂದು ರೊಟ್ಟಿಯೂ ಒಡೆಯಲಿಲ್ಲ. ಕಡೆಯ ರೊಟ್ಟಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಬಾಗಿಲಲ್ಲಿದ್ದ ಖಾಲಿ ಸ್ಟೂಲಿನ ಕಡೆ ತಿರುಗಿ, "ಈಗರೇ ಚಲೋ ಆಗೇತಿ ಅನ್ನು ಯವ್ವಾ" ಅಂದೆ.