ಏರಿನಲ್ಲಿ ಸೀಟಿ, ಹಂಚಿನಲ್ಲಿ ರೊಟ್ಟಿ

ಜೋಳದ ರೊಟ್ಟಿಯ ಬಾಳಿನಲ್ಲಿ ಒಂದೇ ಒಂದು ಒಳ್ಳೆಯ ಗಳಿಗೆ ಇರುತ್ತದೆ, ಗೆಳೆಯರೇ. ಹಂಚಿನಿಂದಿಳಿದು ತಾಟಿಗೆ ಬಿದ್ದಾಗ ಹೊಟ್ಟೆಯುಬ್ಬಿಸಿಕೊಂಡು ಕುಳಿತ ಅದು, ಬೆರಳು ತಾಗಿದೊಡನೆ ಉಸ್ಸೆಂದು ಬಿಸಿಯುಸಿರು ಬಿಟ್ಟು ಮೆತ್ತಗಾಗುತ್ತದೆ. ಆ ಉಸಿರು ಆರುವುದರೊಳಗೆ ಮೊದಲ ತುತ್ತು ಬಾಯಿ ಸೇರಬೇಕು. ಆಮೇಲೆ ತಿಂದರೆ ಹೊಟ್ಟೆ ತುಂಬೀತು, ಅಷ್ಟೇ. ಪುಣೆಯ ಬಿಬವೇವಾಡಿಯ ಏರಿನ ಮೇಲಿರುವ ನಮ್ಮ ಮನೆಯಲ್ಲಿ ಆ ಗಳಿಗೆ ನನಗೆ ವರ್ಷಾನುವರ್ಷ ತಪ್ಪಿದ್ದಿಲ್ಲ. ಅದಕ್ಕೆ ಅರ್ಧ ಕಾರಣ ನನ್ನ ಹೆಂಡತಿ ಗಿರಿಜೆಯ ಕೈಗುಣ, ಇನ್ನರ್ಧ ನನ್ನ ಕಾರಿನ ಸೀಟಿ.

ಕಾರಿಗೂ ರೊಟ್ಟಿಗೂ ಏನು ನಂಟು ಎಂದು ಕೇಳುತ್ತೀರಿ, ಹೇಳುತ್ತೇನೆ. ನನ್ನದು ಟರ್ಬೊ ಎಂಜಿನ್ನಿನ ಕಾರು. ಟರ್ಬೊ ಎಂದರೆ, ಎಂಜಿನ್ನು ಬಿಡುವ ಹೊಗೆಯ ರಭಸದಿಂದಲೇ ತಿರುಗುವ ಪುಟ್ಟ ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೇ ತುರುಕುತ್ತದೆ, ಕಾರಿಗೆ ಇಮ್ಮಡಿ ಉಸಿರು ಬರುತ್ತದೆ. ನಮ್ಮ ಗಲ್ಲಿಯ ಏರು ಹತ್ತುವಾಗ ಆ ಉಸಿರು ಸಣ್ಣ ಸೀಟಿಯಾಗಿ ಹೊರಡುತ್ತಿತ್ತು. ಸೀಟಿ ಮೂರನೆಯ ಮಾಳಿಗೆಯ ಅಡುಗೆಮನೆಗೆ ಕೇಳಿಸಿದೊಡನೆ ಗಿರಿಜೆ ರೊಟ್ಟಿಯನ್ನು ಹಂಚಿಗೆ ಹಾಕುವಳು. ನಾನು ಕಾರು ನಿಲ್ಲಿಸಿ, ಮೆಟ್ಟಿಲು ಹತ್ತಿ, ಕೈಕಾಲು ತೊಳೆದು ಕುಳಿತರೆ ತಾಟಿನಲ್ಲಿ ಉಬ್ಬಿದ ರೊಟ್ಟಿ.

ಈ ವ್ಯವಸ್ಥೆಯನ್ನು ನಾವು ಕೂತು ಗೊತ್ತುಮಾಡಿದ್ದಲ್ಲ. ಗದಗಿನ ಕಡೆಯಿಂದ ನಾನು ಮೊದಲು ಒಬ್ಬನೇ ಬಂದು, ಇಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಕಂಡವರ ಅಂಗಡಿಯಲ್ಲಿ ಚೀಲ ಎತ್ತಿ, ಆಮೇಲೆ ಒಣಮೆಣಸಿನಕಾಯಿಯ ಸ್ವಂತ ವ್ಯಾಪಾರಕ್ಕೆ ಇಳಿದವನು. ಅಂಗಡಿ ಕಾಲೂರಿದ ಮೇಲೆ ಈ ಮನೆ ಹಿಡಿದು ಗಿರಿಜೆಯನ್ನು ಕರೆತಂದೆ. ಹಿಂಜವಾಡಿಯ ಆಫೀಸುಗಳ ಕ್ಯಾಂಟೀನಿಗೆ ಮೆಣಸಿನಕಾಯಿ ಒದಗಿಸುವ ತಿರುಗಾಟಕ್ಕೆಂದು ಒಬ್ಬ ಡಾಕ್ಟರರು ಬಳಸಿ ಬಿಟ್ಟ ಈ ಕಾರನ್ನು ಚೌಕಾಶಿ ಮಾಡಿ ತಂದೆ. ಆಗ ಅವಳಿಗೆ ಮರಾಠಿಯ ಗಂಧವಿರಲಿಲ್ಲ. ಬಾಗಿಲಿಗೆ ಬಂದ ಹಾಲಿನವನೊಡನೆಯೂ ಕೈಸನ್ನೆಯ ಮಾತು. ಇಡೀ ದಿನ ಬಾಯಿ ಕಟ್ಟಿ ಕುಳಿತವಳಿಗೆ ಸಂಜೆಯ ಆ ಸೀಟಿ ಮಾತ್ರ ಅರ್ಥವಾಗುವ ಭಾಷೆ. ಮುಂದೊಮ್ಮೆ ತಾನೇ ಹೇಳಿದ್ದಳು: “ಇಡೀ ಬಿಲ್ಡಿಂಗಿನ್ಯಾಗ ನನ್ನ ಕೂಡ ಕನ್ನಡ ಮಾತಾಡ್ತಿದ್ದದ್ದು ನಿಮ್ಮ ಗಾಡಿ ಒಂದ ನೋಡ್ರಿ.”

ಆ ಗಾಡಿ ಕಳೆದ ಬೇಸಿಗೆಯಲ್ಲಿ ಕಾತ್ರಜ ಘಟ್ಟದ ನಡುವೆ ಒಂದು ಸಲ ದೊಡ್ಡದಾಗಿ ಕೆಮ್ಮಿ ನಿಂತುಬಿಟ್ಟಿತು. ಒಳಗಿನ ಸರಳೊಂದು ತುಂಡಾಗಿ ಎಂಜಿನ್ನಿನ ಪಕ್ಕೆಯನ್ನೇ ತೂತು ಮಾಡಿತ್ತು. ಆ ಮಾದರಿಯ ತಯಾರಿಕೆ ನಿಂತು ಬಹಳ ಕಾಲವಾಗಿದೆ, ಬಿಡಿಭಾಗ ಸಿಗುವುದಿಲ್ಲ. ಗುಜರಿಗೆ ಹಾಕಿ ಹೊಸದು ತೆಗೆದುಕೊಳ್ಳಿ ಎಂದು ಯಾರ್ಡಿನವರೆಲ್ಲ ಬುದ್ಧಿ ಹೇಳಿದರು. ನಾನು ಬುದ್ಧಿ ಹೇಳುವವನೇ ಹೊರತು ಕೇಳುವವನಲ್ಲ. ಅದೂ ಅಲ್ಲದೆ, ರಿಕ್ಷಾದಲ್ಲಿ ಮನೆಗೆ ಬರತೊಡಗಿದ ಮೇಲೆ ಒಂದು ಸಂಜೆ ರೊಟ್ಟಿ ಆರಿರುತ್ತಿತ್ತು, ಇನ್ನೊಂದು ಸಂಜೆ ಹಿಟ್ಟು ಇನ್ನೂ ನಾದುವ ಕೊಣಮಿಗೆಯಲ್ಲಿ. ಗಿರಿಜೆ ಕಿಟಕಿಯ ಬಳಿ ನಿಂತು ಬರುವ ರಿಕ್ಷಾಗಳನ್ನೆಲ್ಲ ನೋಡುತ್ತ, “ಎಲ್ಲಾ ಒಂದ ನಮೂನಿ ಒದರ್ತಾವರಿ, ನಿಮ್ಮದು ಯಾವುದಂತ ತಿಳಿಯೂದ ಇಲ್ಲ” ಎಂದಳು. ಅಂದೇ ನಿಶ್ಚಯಿಸಿದೆ: ಗುಜರಿ ಬೇಡ, ಎಂಜಿನ್ನು ಹುಡುಕೋಣ, ಸೀಟಿ ಉಳಿಯಲಿ.

ನಮ್ಮ ಪರಶುರಾಮ ಮಿಸ್ತ್ರಿ ನಿಪ್ಪಾಣಿಯವನು, ಭೋಸರಿಯಲ್ಲಿ ಗ್ಯಾರೇಜು. ಜಪಾನಿನಲ್ಲಿ ಕೆಲವೇ ವರ್ಷ ಓಡಿದ ಕಾರುಗಳಿಂದ ಬಿಚ್ಚಿದ ಎಂಜಿನ್ನುಗಳು ಹಡಗೇರಿ ಬರುತ್ತವೆಂದೂ, ಅಂಥದೊಂದು ಗೋದಾಮು ಊರ ಹೊರಗೇ ಇದೆಯೆಂದೂ ಅವನು ಹೇಳಿದ. ಇಲ್ಲಿ ನಿಮಗೊಂದು ಮಾತು: ಇಂಥ ಎಂಜಿನ್ನು ಕೊಳ್ಳುವುದಾದರೆ ಹೊರಗಿನ ಹೊಳಪಿಗೆ ಮರುಳಾಗಬೇಡಿ, ಎಣ್ಣೆಯ ಮುಚ್ಚಳ ತೆಗೆದು ಮೂಸಿ, ಸುಟ್ಟ ವಾಸನೆ ಬಂದರೆ ಹಿಂದಿರುಗಿ, ಆಮದಿನ ಕಾಗದ ಕೇಳಿ, ಹೊಸ ಎಂಜಿನ್ನಿನ ನಂಬರನ್ನು ಆರ್‌ಟಿಒದಲ್ಲಿ ಬರೆಸಿಕೊಳ್ಳದೆ ರಸ್ತೆಗೆ ಇಳಿಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕಾದ ವಸ್ತುವಿನ ಬೆಲೆಯನ್ನು ಮೊದಲು ಕೇಳಬೇಡಿ.

ಮತ್ತು ಹೆಂಡತಿಯನ್ನು ಕರೆದುಕೊಂಡು ಹೋಗಿ. ನಾನೂ ಗಿರಿಜೆಯೂ ಈ ಊರಿನಲ್ಲಿ ಕಟ್ಟಿದ ಸಂಸಾರದ ಪಾತ್ರೆ ಪಡಗ, ಕಪಾಟು, ಮಂಚ ಎಲ್ಲವೂ ಒಂದೇ ಉಪಾಯದಿಂದ ಬಂದವು. ಅಂಗಡಿಯವನೊಡನೆ ನಾನು ಮರಾಠಿಯಲ್ಲಿ ಎಳೆದಾಡುತ್ತಿರುವಾಗ ಅವಳು ಹಿಂದಿನಿಂದ ಮುಖ ಸಿಂಡರಿಸಿ ಕನ್ನಡದಲ್ಲಿ ಏನಾದರೂ ಅನ್ನಬೇಕು. ವಸ್ತು ಚೆನ್ನಾಗಿದ್ದರೆ “ಚಲೋ ಅದ, ಬಿಡಬ್ಯಾಡ್ರಿ” ಎನ್ನುವುದನ್ನೂ ಅವಳು ಬೈಯುವ ಧಾಟಿಯಲ್ಲೇ ಅನ್ನುವಳು. ಹೆಂಗಸಿಗೆ ಮನಸ್ಸಿಲ್ಲ, ಗಿರಾಕಿ ಕೈಬಿಟ್ಟು ಹೋದ ಎಂದು ಹೆದರಿ ಅಂಗಡಿಯವನು ತಾನಾಗಿ ಇಳಿಯುವನು. ನಮ್ಮ ಕನ್ನಡ ಈ ಊರಿನಲ್ಲಿ ನಮಗೆ ಬಹಳ ಉಳಿಸಿಕೊಟ್ಟಿದೆ.

ಗೋದಾಮಿನಲ್ಲಿ ಸಾಲು ಸಾಲು ಎಂಜಿನ್ನುಗಳು, ಕೊಯ್ದಿಟ್ಟ ಗುಂಡಿಗೆಗಳಂತೆ. ನಮಗೆ ಬೇಕಾದುದನ್ನು ಮಿಸ್ತ್ರಿ ಕಣ್ಣಲ್ಲೇ ತೋರಿಸಿದ. ನಾನು ಅದಕ್ಕೆ ಬೆನ್ನು ಹಾಕಿ ನಿಂತು ಬೇರೆಯವುಗಳ ಬೆಲೆ ಕೇಳಿದೆ, ಅಷ್ಟೇ ಉದಾಸೀನದಿಂದ ಇದರದ್ದೂ ಕೇಳಿದೆ, ಎದೆ ಹಿಡಿದುಕೊಂಡವನಂತೆ ಎರಡು ಹೆಜ್ಜೆ ಬಾಗಿಲ ಕಡೆಗೂ ನಡೆದೆ. ಗಿರಿಜೆ ಕನ್ನಡದಲ್ಲಿ ಬೈಯುವ ಹೊತ್ತು. ಅವಳೋ ಎಂಜಿನ್ನಿನ ಮುಂದೆ ಬಗ್ಗಿ, ಬೇರೆ ಮನೆಯ ಕೂಸನ್ನು ನೋಡುವವಳಂತೆ ಅದನ್ನು ದಿಟ್ಟಿಸುತ್ತಿದ್ದಳು. ಆಮೇಲೆ ತಲೆಯೆತ್ತಿ, ನನ್ನನ್ನಲ್ಲ, ಮಾಲಕನನ್ನು, ಅಚ್ಚ ಪುಣೆಯ ಮರಾಠಿಯಲ್ಲಿ ಕೇಳಿಯೇಬಿಟ್ಟಳು: ದಾದಾ, ನಮ್ಮ ಗಾಡಿಗೆ ಕೂರಿಸಿದ ಮೇಲೆ ಇದು ಸೀಟಿ ಹೊಡೆಯುತ್ತದೆಯೇ?

ಮುಗಿಯಿತು. ಮಾಲಕ ನಕ್ಕು ಚಹಾ ತರಿಸಿದ. ಮಾರುವವನು ಚಹಾ ತರಿಸಿದನೆಂದರೆ ಇನ್ನು ಬೆಲೆ ಇಳಿಯದು.

ಹೇಳಿದ ಬೆಲೆಯನ್ನೇ ತೆತ್ತು ಹೊರಗೆ ಬಂದ ಮೇಲೆ ಹಲ್ಲು ಕಡಿದು, “ಕನ್ನಡದಾಗ ಕೇಳಿದ್ರ ನಿನ್ನ ಗಂಟೇನ ಹೋಗ್ತಿತ್ತು?” ಎಂದೆ.

“ಅವಂಗ ಕನ್ನಡ ಬರೂದಿಲ್ಲಲ್ರಿ,” ಎಂದಳು, ಲೋಕದ ಅತಿ ಸರಳ ಸಂಗತಿಯೆಂಬಂತೆ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಾಲಿನವನಿಗೆ ಕೈಸನ್ನೆ ಮಾಡುತ್ತಿದ್ದ ಹೆಣ್ಣು ಯಾವಾಗ ಈ ಊರಿನವಳಾದಳು? ನಾನು ದಿನವೂ ಮನೆಗೆ ಬರುತ್ತಲೇ ಇದ್ದೆ, ಬಿಸಿ ರೊಟ್ಟಿ ತಿನ್ನುತ್ತಲೇ ಇದ್ದೆ; ನೋಡಿರಲಿಲ್ಲ.

ಗ್ಯಾರೇಜಿನಲ್ಲಿ ನಮ್ಮಿಬ್ಬರ ಮುಂದೆಯೇ ಸರಪಳಿ ರಾಟೆಗೆ ಕಟ್ಟಿ ಹಳೆಯ ಎಂಜಿನ್ನನ್ನು ಎತ್ತಿದಾಗ ಕಾರಿನ ಮೂತಿ ಹಗುರಾಗಿ ಮೇಲೆದ್ದಿತು. ನಾನು ನನ್ನ ಕೊನೆಯ ಚೌಕಾಶಿಯನ್ನು ಮಿಸ್ತ್ರಿಯ ಮುಂದಿಟ್ಟೆ: ಜಪಾನಿನ ಎಂಜಿನ್ನೇ ಇರಲಿ, ಟರ್ಬೊ ಮಾತ್ರ ನಮ್ಮ ಹಳೆಯದನ್ನೇ ಕೂರಿಸು. ಅವನು ಹಳೆಯ ಟರ್ಬೊ ಬಿಚ್ಚಿ ತಂದು, ಒಳಗಿನ ಪುಟ್ಟ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿದ. ಸಡಿಲ ಹಲ್ಲಿನಂತೆ ಅದು ಅತ್ತಿತ್ತ ಆಡಿತು.

“ಇದರಾಗ ಕಬ್ಬಿಣದ ಚೂರು ಹೊಕ್ಕಾವು ಸಾವ್ಕಾರ್ರ. ಇದನ್ನ ಹಾಕಿದ್ರ ಹೊಸಾದನ್ನೂ ತಿಂತದ. ಮತ್ತ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಚಂದ ಇರೂ ಟರ್ಬೊ ಇಷ್ಟು ಸೀಟಿ ಹೊಡಿಯೂದಿಲ್ರಿ. ಇದು ಸವದಿತ್ತು. ನೀವು ಹಾಡು ಅಂದುಕೊಂಡಿದ್ದು ಇದರ ಕೆಮ್ಮು.”

ನಾನು ಇನ್ನೂ ಎಳೆಯುತ್ತಿದ್ದೆನೇನೋ. ಗಿರಿಜೆ ಆ ಎಣ್ಣೆಮಸಿಯ ಚಕ್ರಕ್ಕೆ ಬೆರಳು ತಾಗಿಸಿ ಹೇಳಿದಳು: “ಹಂಗಾರ ಬ್ಯಾಡ, ಹೊಸಾದ ಇರಲಿ. ಅಷ್ಟು ವರ್ಷ ಕೆಮ್ಮಿಕೋತನ ನಿಮ್ಮನ್ನ ಮನಿಗೆ ಕರಕೊಂಡ ಬಂತು, ಪಾಪ.”

ನಮ್ಮ ಎಷ್ಟು ಪ್ರೀತಿಗಳು ಹೀಗೆ ಯಾವುದೋ ಸವೆತದ ಸದ್ದಿಗೆ ಅಂಟಿಕೊಂಡಿರುತ್ತವೋ! ಕೀಲು ಸವೆದ ಬಾಗಿಲ ಕಿರುಗುಟ್ಟುವಿಕೆ, ಅಪ್ಪನ ಮೊಣಕಾಲು ಏಳುವಾಗ ಅನ್ನುತ್ತಿದ್ದ ಲಟಕ್, ಅಂಗಡಿಯ ಮುದಿ ತಕ್ಕಡಿಯ ಸರಪಳಿ. ಸರಿಯಾಗಿರುವುದು ಸದ್ದು ಮಾಡುವುದಿಲ್ಲ. ಸದ್ದು ಮಾಡದುದು ನೆನಪಿಗೆ ಸಿಗುವುದಿಲ್ಲ.

ಹೊಸ ಎಂಜಿನ್ನಿನ ಕಾರು ಮೊದಲ ಸಂಜೆ ನಮ್ಮ ಏರನ್ನು ಬೆಣ್ಣೆಯ ಮೇಲೆ ಜಾರಿದಂತೆ ಹತ್ತಿತು. ಬಾಗಿಲು ತೆರೆದ ಗಿರಿಜೆ ಬೆಚ್ಚಿ, “ಅಯ್ಯ, ಯಾವಾಗ ಬಂದ್ರಿ? ಹಂಚ ಇಟ್ಟಿಲ್ಲಲ್ರಿ!” ಎಂದಳು. ಕಾಯುವುದಕ್ಕೆ ಹೊರಗೆ ಕೂರುವ ಬದಲು, ಯಾಕೋ, ಮಣೆ ಎಳೆದುಕೊಂಡು ಅಡುಗೆಮನೆಯಲ್ಲೇ ಕುಳಿತೆ. ಇಷ್ಟು ವರ್ಷ ರೊಟ್ಟಿ ತಿಂದವನು, ಅವಳು ರೊಟ್ಟಿ ಬಡಿಯುವುದನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ನಾನು ಬರುವಷ್ಟರಲ್ಲಿ ಅದೆಲ್ಲ ಮುಗಿದೇ ಇರುತ್ತಿತ್ತು. ಅಂಗೈ ತಟ್ಟಿದಂತೆ ಹಿಟ್ಟು ತಿರುಗುತ್ತ ತಿರುಗುತ್ತ ಚಂದ್ರನಾಗುವುದು, ಬಳೆಗಳು ಅದಕ್ಕೆ ತಾಳ ಹಾಕುವುದು. ಪಕ್ಕದ ಮನೆಯವಳು ಬಾಗಿಲಲ್ಲಿ ಇಣುಕಿ ಏನೋ ಕೇಳಿದಳು. ಗಿರಿಜೆ ಬಡಿಯುವುದನ್ನು ನಿಲ್ಲಿಸದೆ ಮರಾಠಿಯಲ್ಲಿ ಏನೋ ಚುಚ್ಚಿದಳು. ಇಬ್ಬರೂ ನನ್ನತ್ತ ನೋಡಿ ನಕ್ಕರು.

ರೊಟ್ಟಿ ಹಂಚಿಗೆ ಬಿತ್ತು. ನೀರು ಸವರಿ, ಮಗುಚಿ ಹಾಕಿದಾಗ ಉಬ್ಬತೊಡಗಿತು. ಅಂಚಿನಲ್ಲೆಲ್ಲೋ ಕೂದಲೆಳೆಯಷ್ಟು ತೂತು ಬಿದ್ದಿರಬೇಕು. ಅಲ್ಲಿಂದ ಉಗಿ ನುಗ್ಗಿ ಸಣ್ಣಗೆ, ತೆಳ್ಳಗೆ, ಏರು ಹತ್ತುವ ಕಾರಿನಂತೆಯೇ ಸೀಟಿ ಹೊಡೆಯಿತು. ತೂತು ಮುಚ್ಚಲೆಂದು ಗಿರಿಜೆ ಅರಿವೆ ಹಿಡಿದು ಕೈ ಚಾಚಿದಳು.

“ಇರಲಿ ಬಿಡು,” ಎಂದೆ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಸಂಜೆ ರೊಟ್ಟಿ ಪೂರ್ತಿ ಉಬ್ಬಲಿಲ್ಲ.