ಹುರುಳಿ ಹಾಸಿದ ರಸ್ತೆಗೆ ಯಾವ ಟೈರು

ಕಾರಿನ ಟೈರುಗಳು ಸವೆದು ನುಣ್ಣಗಾಗಿದ್ದವು. ಬದಲಾಯಿಸಬೇಕು ಅನ್ನುವುದರಲ್ಲಿ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಯಾವುದನ್ನು ಹಾಕಿಸುವುದು ಅನ್ನುವುದಕ್ಕೆ ಮಾತ್ರ ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. "ಹೆಣ್ ನೋಡಕ್ ಬಂದಾಗ್ಲೂ ನಾನಿಷ್ಟು ಯೋಚ್ನೆ ಮಾಡ್ನಿಲ್ಲ ಕಣಮ್ಮಿ" ಅಂದ ನನ್ನ ಗಂಡ. ಮಾಡಿದ್ದರೆ ಪಾರಾಗಿರುತ್ತಿದ್ದೆ, ಈಗ ಅನುಭವಿಸು ಅಂದೆ.

ಯೋಚನೆಗೆ ಕಾರಣ ಆಟೋಕ್ರಾಸ್. ಮೈಸೂರಿನ ಕಡೆ ಒಂದು ಮಣ್ಣಿನ ಬಯಲಿನಲ್ಲಿ ಕೋನ್‌ಗಳನ್ನಿಟ್ಟು ಅಂಕುಡೊಂಕಿನ ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಕೋನ್ ಬೀಳಿಸದೆ ಬೇಗ ಸುತ್ತಿ ಬಂದವರು ಗೆದ್ದ ಹಾಗೆ. ಮನೆಯ ಕಾರನ್ನೇ ತಂದು ಓಡಿಸುವ ನನ್ನಂಥವರಿಗೂ ಅಲ್ಲಿ ಜಾಗವಿದೆ. ಹಿಂದಿನ ವರ್ಷ ಮೊದಲ ಸಲ ಓಡಿಸಿ ಕಟ್ಟಕಡೆಗೆ ಬಂದಿದ್ದೆ. ಹಾಗಿದ್ದರೂ ನಲವತ್ತು ದಾಟಿದ ಮೇಲೆ ಅಷ್ಟು ಖುಷಿಪಟ್ಟ ದಿನ ಇನ್ನೊಂದಿಲ್ಲ. ಈ ಸಲ ಸರಿಯಾದ ಟೈರು ಹಾಕಿಕೊಂಡು ಹೋಗಬೇಕು ಅನ್ನುವ ಹಟ ಹುಟ್ಟಿತ್ತು.

ಆಟಕ್ಕೊಂದು ಸೆಟ್ಟು, ಓಡಾಟಕ್ಕೊಂದು ಸೆಟ್ಟು ಇಟ್ಟುಕೊಳ್ಳುವುದು ಉಳ್ಳವರ ಮಾತು. ನನ್ನ ಕಾರು ದಿನಾ ಬೆಳಿಗ್ಗೆ ಗುಂಡ್ಲುಪೇಟೆಯಿಂದ ಚಾಮರಾಜನಗರದ ನನ್ನ ಕಚೇರಿಗೆ ಹೋಗಿ ಸಂಜೆ ವಾಪಸಾಗಬೇಕು. ವಾರಕ್ಕೊಮ್ಮೆ, ಗುರುವಾರ, ಅತ್ತೆಯನ್ನು ಚಂದಕವಾಡಿಯ ಅವರ ತಂಗಿ ಮನೆಯಲ್ಲಿ ಬಿಟ್ಟು ಬರಬೇಕು. ಮಗನ, ಅಂದರೆ ನನ್ನ ಗಂಡನ, ಬೈಕಿನಿಂದ ಒಮ್ಮೆ ಬಿದ್ದ ಮೇಲೆ ಅತ್ತೆ ಬಸ್ಸು, ಬೈಕು, ಆಟೋ ಎಲ್ಲಕ್ಕೂ ಕೈಮುಗಿದುಬಿಟ್ಟಿದ್ದರು. ನಾನು ಓಡಿಸಿದರೆ ಮಾತ್ರ ಹತ್ತುತ್ತಿದ್ದರು, ಅದೂ ಮುಂದಿನ ಸೀಟಿಗೆ. ತಂಗಿಗೆ ಮಂಡಿನೋವು, ಎದ್ದು ಓಡಾಡುವಂತಿಲ್ಲ. ನನ್ನ ಕಾರು ತಪ್ಪಿದರೆ ಅಕ್ಕ ತಂಗಿ ಮುಖ ನೋಡುವ ದಾರಿಯೇ ಇರಲಿಲ್ಲ.

ಮೆತ್ತನೆ ರಬ್ಬರಿನ ಟೈರು ಡಾಂಬರಿಗೆ ಚೆನ್ನ, ಆದರೆ ಬೇಗ ಸವೆಯುತ್ತದೆ, ಮಣ್ಣಿನಲ್ಲಿ ಉಪಯೋಗವಿಲ್ಲ. ಮಾಮೂಲಿ ಟೈರು ಎಲ್ಲ ಕಡೆಗೂ ನಡೆಯುತ್ತದೆ, ಎಲ್ಲಿಯೂ ಮೆರೆಯುವುದಿಲ್ಲ. ಮೂರನೆಯದು ಮಣ್ಣು ಕಚ್ಚುವ ಟೈರು, ಮೈತುಂಬ ಉಬ್ಬಿದ ದಪ್ಪ ದಪ್ಪ ರಬ್ಬರು ಕಟ್ಟೆ, ನಡುವೆ ಬೆರಳು ತೂರುವಷ್ಟು ಸಂದು. ರಸ್ತೆಯ ಮೇಲೆ ಗುಂಯ್ ಅನ್ನುತ್ತದೆ, ಬ್ರೇಕು ಹಾಕಿದರೆ ತುಸು ಮುಂದೆ ಹೋಗಿ ನಿಲ್ಲುತ್ತದೆ. ಅಷ್ಟನ್ನು ಸಂಭಾಳಿಸಬಹುದು ಎಂದುಕೊಂಡು ಅದನ್ನೇ ಹಾಕಿಸಿದೆ. ಹೊಸ ಟೈರು ನೋಡಲು ಆ ದಿನ ಸುಮ್ಮಸುಮ್ಮನೆ ಹೊರಗೆ ಹೋಗಿಬಂದೆ.

ಎಲ್ಲ ಲೆಕ್ಕ ಹಾಕಿದವಳು ಹುರುಳಿಯನ್ನು ಮರೆತಿದ್ದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕಿತ್ತ ಹುರುಳಿ ಗಿಡವನ್ನು ರಸ್ತೆಗೆ ಹಾಸುತ್ತಾರೆ, ಓಡಾಡುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡಬೇಕು. ಪಕ್ಕದಲ್ಲಿ ತಪ್ಪಿಸಿಕೊಂಡು ಹೋದರೆ ಬೈಸಿಕೊಳ್ಳುತ್ತೇವೆ. ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು ನಾನು, ಬಯಲಿನ ಮಣ್ಣು ಹೇಗಿರುತ್ತದೆಂದು ವಿಚಾರಿಸಿದೆನೇ ಹೊರತು ನಮ್ಮ ದಾರಿಯ ಮೇಲೆ ಏನು ಹಾಸಿರುತ್ತದೆಂದು ಯೋಚಿಸಲಿಲ್ಲ.

ಆ ಗುರುವಾರ ತೆರಕಣಾಂಬಿ ದಾಟಿದ ಮೇಲೆ ದಪ್ಪಗೆ ಹಾಸಿದ ಹುರುಳಿ ಸಿಕ್ಕಿತು. ನಡುವೆ ಹೋಗುತ್ತಿರುವಾಗ ಗಿಡ ತಿರುವಿಹಾಕುತ್ತಿದ್ದ ಹೆಂಗಸು ನಮ್ಮನ್ನು ನೋಡದೆ ಹಿಂದಕ್ಕೆ ಹೆಜ್ಜೆಯಿಟ್ಟಳು. ಬ್ರೇಕು ಹಾಕಿದೆ. ಕಟ್ಟೆಗಳ ಸಂದಿನಲ್ಲಿ ಹುರುಳಿ ಬಳ್ಳಿ ತುಂಬಿಕೊಂಡಿತ್ತು, ಅಡಿಯಲ್ಲಿ ಕಾಳು ಉರುಳುತ್ತಿತ್ತು. ಕಾರು ನಿಲ್ಲದೆ ಅಡ್ಡಡ್ಡ ಜಾರಿ, ಅವಳ ಸೀರೆ ಸೆರಗಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು.

"ಕಣ್ ಕಾಣಕ್ಕಿಲ್ವಾ ನಿಂಗೆ?" ಎಂದು ಅವಳು ಕೂಗಿದಳು. ಅತ್ತೆ ಇಳಿದು, ಅವಳ ಹತ್ತಿರ ನೀರು ಕೇಳಿ ಕುಡಿದು, ಹುರುಳಿ ಮೆದೆಯ ಪಕ್ಕ ಕೂತುಬಿಟ್ಟರು. ನಾನು ಎಷ್ಟು ಕರೆದರೂ ಏಳಲಿಲ್ಲ. "ನಿನ್ ಕೈನೂ ಒಂದೆ, ನನ್ ಮಗನ್ ಕೈನೂ ಒಂದೆ ಬುಡವ್ವ" ಅಂದರು. ಕೊನೆಗೆ ನಾನು ಫೋನ್ ಮಾಡಿದ ಮೇಲೆ ನನ್ನ ಗಂಡ ಆಟೋ ತಂದ. ಅವರು ಕಣ್ಣು ಮುಚ್ಚಿಕೊಂಡು ಆಟೋದಲ್ಲಿ ಮನೆಗೆ ಹೋದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮುಂದಿನ ಗುರುವಾರ ಅತ್ತೆ ಹೊರಡಲಿಲ್ಲ. ತಂಗಿಗೆ ಫೋನಿನಲ್ಲಿ ಜ್ವರ ಎಂದು ಸುಳ್ಳು ಹೇಳುತ್ತಿದ್ದುದು ಅಡುಗೆಮನೆಯಿಂದ ಕೇಳಿಸಿತು. ಆ ದಿನವೇ ಕಟ್ಟೆ ಟೈರು ಬಿಚ್ಚಿಸಿ, ಅಂಗಡಿಯವನು ಕೊಟ್ಟಷ್ಟು ಬೆಲೆಗೆ ಅವನಿಗೇ ಮಾರಿ, ಮಾಮೂಲಿ ಟೈರು ಹಾಕಿಸಿಕೊಂಡು ಬಂದೆ. "ಅಂಗಾರೆ ರೇಸು?" ಅಂದ ಗಂಡ. ಇದರಲ್ಲೇ ಅಂದೆ.

ಅದರ ಮುಂದಿನ ವಾರ, ಹೇಳಿ ಹೇಳಿ ಸಾಕಾದ ಮೇಲೆ ಅತ್ತೆ ಕಾರು ಹತ್ತಿದರು. ಹುರುಳಿ ಕಂಡ ಕೂಡಲೆ "ನಿಲ್ಸವ್ವ" ಅಂದು ಇಳಿದರು. ಹಾಸಿನ ಅಂಚಿನಲ್ಲಿ ನಡೆದು ಆಚೆ ಬದಿಯಲ್ಲಿ ನಿಂತರು. ನಾನೊಬ್ಬಳೇ ಕಾರನ್ನು ದಾಟಿಸಿದೆ, ಅವರು ಮತ್ತೆ ಹತ್ತಿದರು. ಚಂದಕವಾಡಿ ಮುಟ್ಟುವವರೆಗೆ ಹುರುಳಿ ಸಿಕ್ಕಿದಲ್ಲೆಲ್ಲ ಇದೇ ಆಯಿತು. ಕಚೇರಿಗೆ ತಡವಾಗಿ ಮಾತು ಕೇಳಬೇಕಾಯಿತು.

ಭಾನುವಾರ ಆಟೋಕ್ರಾಸ್ ಮುಗಿಯಿತು. ಮಾಮೂಲಿ ಟೈರು ಆ ಸಡಿಲ ಮಣ್ಣಿನಲ್ಲಿ ಹಿಡಿತವೇ ಕೊಡಲಿಲ್ಲ. ಸ್ಟೇರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗಿ ಕೋನ್‌ಗಳನ್ನು ಕೆಡವಿತು. ಮತ್ತೆ ಕಟ್ಟಕಡೆಗೇ ಬಂದೆ. ಭಾಗವಹಿಸುವುದೇ ಮುಖ್ಯ ಅನ್ನುವವರ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ದಾರಿಯುದ್ದಕ್ಕೂ ಸಿಡುಕಿಕೊಂಡೇ ಮನೆಗೆ ಬಂದೆ.

ಗುರುವಾರ ಕಾರಿನಲ್ಲಿ ಅತ್ತೆ ಕೇಳಿದರು. "ಏನಾಯ್ತವ್ವ ನಿನ್ ಆಟ?"

"ಸೋತೆ ಅತ್ತೆ. ಈ ಟೈರು ಮಣ್ಣಲ್ಲಿ ಜಾರ್ತವೆ."

"ಜಾರ್ತವೆ ಅಂತ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಇವ್ನೇ ಆಕುಸ್ಕಂಡ್ಯಾ?"

ಹೂಂ ಅಂದೆ. ಅವರು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಹುರುಳಿ ಬಂತು. ಕಾರು ನಿಲ್ಲಿಸಿ, ಅವರು ಇಳಿಯಲಿ ಎಂದು ಕಾದೆ. ಅತ್ತೆ ಬಾಗಿಲಿಗೆ ಕೈ ಹಾಕಲಿಲ್ಲ.

"ಓಗು" ಅಂದರು. "ಮೆಲ್ಲಕೆ ಓಗು."