ಅಪ್ಪ ಉಜ್ಜಿದ ಅಚ್ಚು

ನನ್ನ ಅಪ್ಪ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚುಗಳನ್ನು ಉಜ್ಜಿ ಹೊಳಪು ಕೊಟ್ಟವರು. ಕಣ್ಣಿಗೆ ಕಾಣದ ಗೀರನ್ನೂ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಬಲಗೈ ಆಡಿಸಲು ಬರುತ್ತಿತ್ತು, ಆದರೆ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ.

ನಾನು ಹಿಂದಿನ ಕೋಣೆಯಲ್ಲಿ ಕೈಯಿಂದ ಒತ್ತುವ ಪುಟ್ಟ ಯಂತ್ರ ಇಟ್ಟುಕೊಂಡು ಮಕ್ಕಳ ಗಿಲಕಿ ಮಾಡುತ್ತೇನೆ. ಪ್ಲಾಸ್ಟಿಕ್ ಕಾಳು ಕರಗಿಸಿ ಅಚ್ಚಿಗೆ ತುಂಬುವ ಕೆಲಸ. ಅಚ್ಚಿನ ಒಳಮೈ ಹೇಗೋ ಗಿಲಕಿಯ ಮೈಯೂ ಹಾಗೆ. ಹೊಸ ಅಚ್ಚು ಬಂದಾಗ ಅಪ್ಪ, "ಇದನ್ನ ನಾನು ಉಜ್ತೀನಿ. ಇದೂ ಆಗ್ಲಿಲ್ಲ ಅಂದ್ರೆ ನಾನು ಇದ್ದೂ ಇಲ್ಲದ ಹಾಗೆ" ಅಂದರು. ಹನ್ನೊಂದು ದಿನ ಉಜ್ಜಿದರು. ಒರಟು ಉಪ್ಪುಕಾಗದ, ನಯ ಉಪ್ಪುಕಾಗದ, ಕೊನೆಗೆ ಬಟ್ಟೆ. ಬೆರಳು ಕೈಕೊಟ್ಟಿದ್ದರಿಂದ ಅಚ್ಚಿನ ಗುಳಿಗೆ ಕೆಳದುಟಿ ತಾಗಿಸಿ ನೋಡುತ್ತಿದ್ದರು. "ಮಗು ಮೊದಲು ಬಾಯಿಗೇ ತಾನೇ ಇಡೋದು?" ಎನ್ನುತ್ತಿದ್ದರು.

ಮೊದಲ ಗಿಲಕಿಗಳು ಹೊರಬಂದವು. ಮೈತುಂಬ ಬೆಳ್ಳನೆಯ ಗೆರೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಅಚ್ಚು ಸರಿಯಾಗಿದೆ ಕಣಮ್ಮ," ಅಂದರು ಅಪ್ಪ.

"ಬಿಸಿ ತಾಕಿದ್ರೂ ಗೊತ್ತಾಗದ ಬೆರಳು ನಿಮ್ದು. ಗೀರು ಗೊತ್ತಾಗುತ್ತಾ?" ಅಂದುಬಿಟ್ಟೆ.

ಅಪ್ಪ ಉಳಿದ ಕಾಗದಗಳನ್ನು ಡಬ್ಬಿಗೆ ತುಂಬಿ ಮಂಚದ ಕೆಳಗೆ ತಳ್ಳಿದರು.

ಮರುದಿನ ಅವರು ಕೈ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋದಾಗ, ನಾನು ಒರಟು ಕಾಗದ ಹಿಡಿದು ಅಚ್ಚನ್ನು ಮೊದಲಿಂದ ಉಜ್ಜಿದೆ. ಗಿಲಕಿ ಒತ್ತಿ ನೋಡಿದರೆ ಅದೇ ಬಿಳಿ ಗೆರೆ, ಜೊತೆಗೆ ಈಗ ನನ್ನ ಗೀರುಗಳೂ.

ಬಟ್ಟೆ ಹರವಲು ಬಂದ ಅಮ್ಮ ಅಲ್ಲೇ ನಿಂತಳು. "ಕಾಳಿನ ಚೀಲದ ಬಾಯಿ ಬಿಚ್ಚಿಟ್ಟೋರು ಯಾರೇ? ವಾರದಿಂದ ಒದ್ದೆ ಬಟ್ಟೆ ಇದರ ಮೇಲೇ ಒಣಗ್ತಿದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"

ತೇವ ಕುಡಿದ ಕಾಳು ಕರಗಿದರೆ ಒಳಗಿನ ನೀರು ಆವಿಯಾಗಿ ಗೆರೆ ಎಳೆಯುತ್ತದೆ. ಅದನ್ನು ನನಗೆ ಹೇಳಿಕೊಟ್ಟವರೇ ಅಪ್ಪ. ನಾಲ್ಕು ತಾಸು ಓವನ್‌ನಲ್ಲಿ ಕಾಳು ಒಣಗಿಸಿ ಮತ್ತೆ ಒತ್ತಿದೆ. ಬಿಳಿ ಗೆರೆ ಮಾಯವಾಗಿತ್ತು, ನನ್ನ ಗೀರು ಮಾತ್ರ ಉಳಿದಿತ್ತು.

ಸಂಜೆ ಬಂದ ಅಪ್ಪ, ನಾನು ಬಾಯಿ ಬಿಡುವ ಮೊದಲೇ ಅಚ್ಚನ್ನು ತುಟಿಗೆ ತಾಗಿಸಿದರು.

"ಇದು ನನ್ನ ಕೈಯಲ್ಲ," ಅಂದರು.

"ನಾನೇ ಉಜ್ಜಿದ್ದು ಅಪ್ಪ. ಕಾಳು ಒದ್ದೆಯಾಗಿತ್ತು. ನಿಮ್ಮ ಕೆಲಸ ಚೊಕ್ಕವಾಗಿತ್ತು, ನಾನು ಹಾಳು ಮಾಡ್ಬಿಟ್ಟೆ." ಅಳು ತಡೆಯಲಾಗಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಚೊಕ್ಕವಾಗಿತ್ತಾ?" ಎಂದು ಕೇಳಿದರು. ಇನ್ನೊಮ್ಮೆ ಅದನ್ನೇ ಕೇಳಿದರು.

"ಹೂಂ ಅಪ್ಪ. ಒಂದು ಗೀರೂ ಇರ್ಲಿಲ್ಲ."

ಮಂಚದ ಕೆಳಗಿನ ಡಬ್ಬಿ ಎಳೆದು ನನ್ನ ಮುಂದಿಟ್ಟರು. "ಇನ್ನೊಂದ್ಸಲ ಉಜ್ಜೋ ತ್ರಾಣ ನನಗಿಲ್ಲ. ನೀನು ಉಜ್ಜು. ನನ್ನ ತುಟಿ ಇನ್ನೂ ಕೈಕೊಟ್ಟಿಲ್ಲ, ನೋಡಿ ಹೇಳ್ತೀನಿ."

ಹತ್ತೊಂಬತ್ತು ದಿನ ಉಜ್ಜಿದೆ. ಪ್ರತಿ ಸಂಜೆ ತುಟಿಗೆ ತಾಗಿಸಿ "ಇನ್ನೂ" ಅನ್ನುತ್ತಿದ್ದರು. ಇಪ್ಪತ್ತನೆಯ ಸಂಜೆ ತುಟಿಗೆ ತಾಗಿಸಿ, ಅಚ್ಚನ್ನು ತಾವೇ ಯಂತ್ರಕ್ಕೆ ಕೂರಿಸಿದರು.